ಲಾಕರ್

ಲಾಕರ್ ತಗೋಬೇಕು, ಅಂದೆ.
ಯಾವ ಬ್ಯಾಂಕಲ್ಲಿ, ಅಂದಳು ಜಯಶೀಲ,
ಹುರುಳಿಕಾಯಿ ನಾರು ಬಿಡಿಸುತ್ತ.
ಬ್ಯಾಂಕಿಂದಲ್ಲ, ಗಾಡೀದು. ಮುಂದಿನ ಆಕ್ಸಲ್‌ಗೆ.
ಬ್ಯಾಂಕಿಂದರಲ್ಲಿ ಇರೋದೇ ಎರಡು ಬಳೆ,
ಅದನ್ನೂ ಗಾಡಿಗೆ ತೊಡಿಸ್ತೀಯಾ?
ನಾನು ಮಾತಾಡಲಿಲ್ಲ. ನಾರು ಉದ್ದಕ್ಕೆ ಬಂತು.

ಗಾಡಿಗೆ ಇಪ್ಪತ್ತೆರಡು ವರ್ಷ.
ಹುಳಿಮಾವು ಕೆರೆಯ ಅಂತರಗಂಗೆ ಎಳೆದು
ದಡಕ್ಕೆ ಹಾಕಿ ಸಾಗಿಸುವುದು ನನ್ನ ಕಂಟ್ರಾಕ್ಟು:
ಹರಿಗೋಲು, ಹಗ್ಗ, ಕೊಕ್ಕೆ, ನಾಲ್ಕು ಜನ,
ಮೇಲೆ ಒದ್ದೆ ಸೊಪ್ಪಿನ ಗುಡ್ಡ.
ಮೊನ್ನೆ ಹೂಳಲ್ಲಿ ಕೂತಿತು.
ನಾಲ್ಕಕ್ಕೂ ಬಲ ಅಂತ ಹಿಂದಿನ ಡೋರಲ್ಲಿ ಬರೆದಿದೆ,
ತಿರುಗಿದ್ದು ಎರಡೇ,
ಮುಂದೆ ಎಡದ್ದು, ಹಿಂದೆ ಬಲದ್ದು,
ಕೆಸರು ಎರಚುತ್ತ, ಮದುವೆಮನೆ ಹುಡುಗರ ಹಾಗೆ.
ಗಟ್ಟಿ ನೆಲ ಸಿಕ್ಕ ಚಕ್ರ ಸುಮ್ಮನೆ ನಿಂತಿತ್ತು,
ನನಗೆ ಯಾರೂ ಹೇಳಲೇ ಇಲ್ಲವಲ್ಲ ಅನ್ನೋ ಹಾಗೆ.
ಡಿಫರೆನ್ಷಿಯಲ್ಲಿನ ನ್ಯಾಯ ಅದು:
ಯಾರಿಗೆ ಹಿಡಿತ ಇಲ್ಲವೋ ಓಟವೆಲ್ಲ ಅವರಿಗೇ.
ನಮ್ಮ ವಾರ್ಡ್ ಆಫೀಸ್ ಥರಾನೇ, ಅಂದ ಮುನಿಯಲ್ಲಪ್ಪ.
ನಗುವುದಕ್ಕೆ ಆಗಲಿಲ್ಲ, ಮೊಣಕಾಲುದ್ದ ಕೆಸರು.
ಎಳೆದು ಹಾಕಿದ ಜೆಸಿಬಿಗೆ ಮೂರು ಸಾವಿರ.

ಜೆ.ಸಿ. ರೋಡಲ್ಲಿ ಘೇವರ್‌ಚಂದ್
ಗಾಜಿನ ಕೆಳಗಿಂದ ಕ್ಯಾಟಲಾಗು ತೆಗೆದ.
ಗಾಳಿಯದ್ದು ಇದೆ. ಸ್ವಿಚ್ ಒತ್ತಿದರೆ ಕಂಪ್ರೆಸರ್ ಗುರ್ ಅಂದು
ಎರಡು ಚಕ್ರದ ಕೈ ಕೂಡಿಸುತ್ತೆ,
ಬೇಡ ಅಂದರೆ ಬಿಡಿಸುತ್ತೆ.
ಬೆಲೆ ಹೇಳಿದ. ಗಾಡಿಯನ್ನೇ ಮಾರಿದರೆ ಬರುವಷ್ಟು.
ಇನ್ನೊಂದು, ತಾನೇ ಕಚ್ಚಿ ತಾನೇ ಬಿಡುವಂಥದ್ದು,
ಟಿಫನ್ ಡಬ್ಬಿಯಷ್ಟಿದೆ.
ತಿರುವಿನಲ್ಲಿ ಟಕ್ ಟಕ್ ಅನ್ನುತ್ತೆ,
ಸ್ಟೀರಿಂಗು ಮೂಗುದಾರ ಕಾಣದ ಹೋರಿ.
ಒಮ್ಮೆ ತಗೊಂಡ್ರೆ ವಾಪಸ್ ಇಲ್ಲ, ಅಂದ.

ಗುಜರಿಯ ಅಂತೋಣಿ ನಕ್ಕ: ಯಾಕಣ್ಣ ದುಡ್ಡು ದಂಡ,
ಒಳಗಿನ ಗೇರಿಗೆ ನಾಲ್ಕು ಕಡೆ ವೆಲ್ಡ್ ಹೊಡೀತೀನಿ, ಐನೂರು.
ಆಮೇಲೆ?
ಆಮೇಲೆ ಬಿಡೋದೇ ಇಲ್ಲ.
ರಾತ್ರಿಯೆಲ್ಲ ಅದೇ ಯೋಚನೆ.
ಬಿಡೋದೇ ಇಲ್ಲದ ಎರಡು ಚಕ್ರ.
ನಮ್ಮ ಗಲ್ಲಿ ತಿರುವಲ್ಲಿ
ಒಂದು ಉದ್ದ ಸುತ್ತಬೇಕು, ಇನ್ನೊಂದು ಗಿಡ್ಡ;
ಇಬ್ಬರೂ ಒಂದೇ ಹೆಜ್ಜೆ ಹಾಕುತ್ತೇವೆ ಅಂದರೆ
ಮುರಿಯುವುದು ನಡುವಿನ ಕೀಲು.

ಕಲಾಸಿಪಾಳ್ಯದ ಅಮ್ಜದ್ ಮೇಸ್ತ್ರಿ
ಗಾಡಿ ಕೆಳಗೆ ಮಲಗಿಕೊಂಡೇ ಕೇಳಿದ:
ಹಬ್ಬು ಕೈಯಲ್ಲಿ ತಿರುಗಿಸೋದಾ, ತಾನೇ ಆಗೋದಾ?
ಕೈಯಲ್ಲಿ.
ಹಂಗಾದ್ರೆ ಡಬ್ಬೀನೇ ಹಾಕು.
ರೋಡಲ್ಲಿ ಹಬ್ ಬಿಡಿಸಿಟ್ರೆ ಅದು ಮಲಗಿರ್ತದೆ.
ಕೆರೇಲಿ ಇಳಿದು ಎರಡೂ ಕಡೆ ತಿರುಗಿಸು, ಎದ್ದೇಳ್ತದೆ.
ಆದ್ರೆ ಕೆಸರಲ್ಲಿ ಪೂರಾ ಸ್ಟೀರಿಂಗ್ ಕತ್ತರಿಸಿ
ಆಕ್ಸಿಲೇಟರ್ ತುಳೀಬೇಡ, ಕ್ರಾಸು ಹಾರೋಗ್ತದೆ.
ಹಳೇ ಗಾಡಿ ಆಗಿದ್ದೇ ಒಳ್ಳೇದಾಯ್ತು ಅಂತ
ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ಹೇಳಿದ್ದು.

ಆಕ್ಸಲ್ ಹೊರಗೆಳೆದು ಹಲ್ಲು ಎಣಿಸಬೇಕು,
ಹಲ್ಲು ಕೂಡದಿದ್ದರೆ ಡಬ್ಬಿ ಬರೀ ಡಬ್ಬಿ.
ಅಮ್ಜದ್ ಉರ್ದುವಿನಲ್ಲಿ ಎಣಿಸಿದ, ಇಪ್ಪತ್ತೇಳು.
ಮುನಿಯಲ್ಲಪ್ಪ ತೆಲುಗಿನಲ್ಲಿ, ಇಪ್ಪತ್ತೆಂಟು.
ನಾನು ಹತ್ತೊಂಬತ್ತಕ್ಕೆ ಬಂದಾಗ
ಬಸ್ಸೊಂದು ಹಾರ್ನ್ ಹೊಡೆದು ಎಲ್ಲ ಕಲಸಿತು.
ಬ್ಯಾಂಕಿಂದ ನೇರ ಬಂದಿದ್ದ ಜಯಶೀಲ
ಬನಿಯನ್ ವೇಸ್ಟಲ್ಲಿ ಒಂದು ಹಲ್ಲು ಒರೆಸಿ,
ಹಣೆಯ ಸ್ಟಿಕರ್ ಕಿತ್ತು ಅದಕ್ಕೆ ಅಂಟಿಸಿ,
ಇಲ್ಲಿಂದ ಶುರು, ಅಂದಳು.
ತಾನೇ ಎಣಿಸಿದಳು.
ಇಪ್ಪತ್ತೇಳು. ಅಮ್ಜದ್ ಬೀಡಿ ಹಚ್ಚಿದ.

ಲಾಕರ್ ಬೇಡ ಅಂತ ಬರೆದುಕೊಟ್ಟು ಬಂದೆ,
ಎರಡು ಬಳೆ ಕಾಯೋಕೆ ವರ್ಷವರ್ಷ ಬಾಡಿಗೆ ಯಾರು ಕಟ್ತಾರೆ, ಅಂದಳು,
ಕೈ ಒರೆಸಿಕೊಳ್ಳುತ್ತ.
ಬಳೆ ಎರಡೂ ಕೈಯಲ್ಲೇ ಇದ್ದವು,
ಮೊಣಕೈವರೆಗೂ ಗ್ರೀಸು.